ಸಾರಾಳ ಕಲ್ಲು ಓದಿದ ದಿನ

ಕೇರಳದ ಚೇಂದಮಂಗಲಂನಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಮುಂದೆ ಒಂದು ಗೋರಿಕಲ್ಲು ನಿಂತಿದೆ. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಗೋರಿಕಲ್ಲುಗಳಲ್ಲಿ ಇದೇ ಅತಿ ಹಳೆಯದು ಅಂತಾರೆ. ಅದನ್ನು ನಾನೇ ಓದಬೇಕು ಅನ್ನೋ ಆಸೆಯಿಂದ ಹೋಗಿದ್ದೆ.

ಹೋಗಿದ್ದು ನಡುಮಧ್ಯಾಹ್ನ. ನೆತ್ತಿಯ ಬಿಸಿಲಿಗೆ ಕಲ್ಲೆಲ್ಲ ಒಂದೇ ಬಣ್ಣ, ಅಕ್ಷರ ಕಾಣಲೇ ಇಲ್ಲ. ಸೀಮೆಸುಣ್ಣ ಉಜ್ಜುವ ಮಾತೇ ಇಲ್ಲ. ಪುಡಿ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತರೆ ಆಮೇಲೆ ತೆಗೆಯೋದು ಕಷ್ಟ. ಬಿಸಿಲು ಇಳಿಯುವವರೆಗೆ ಕಾದೆ. ಆಮೇಲೆ ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಬಿಟ್ಟೆ. ಕೆತ್ತಿದ ಗೆರೆಯ ಅಂಚಿಗೆ ನೆರಳು ಬಿತ್ತು, ಅಕ್ಷರ ಎದ್ದು ಬಂತು. ಬಲದಿಂದ ಎಡಕ್ಕೆ ಬೆರಳು ಆಡಿಸುತ್ತಾ ಹೋದೆ, ಕಲ್ಲಿಗೆ ತಾಗಿಸದೆ. ಬೇತ್, ತಾವ್. ಎರಡೇ ಅಕ್ಷರ, 'ಬತ್', ಅಂದರೆ ಮಗಳು. ಸಾರಾ, ಇಸ್ರೇಲನ ಮಗಳು.

ತಲೆ ಕೆಡಿಸಿದ್ದು ವರ್ಷ. ಹೀಬ್ರೂ ಬರಹದಲ್ಲಿ ಅಕ್ಷರವೇ ಅಂಕಿ. ತಾವ್ 400, ಕೋಫ್ 100, ಪೇ 80, ಆಲೆಫ್ 1. ಕೂಡಿದರೆ 581, ಸಾವಿರ ಸೇರಿದರೆ 1581. ಜಗತ್ತಿನ ಸೃಷ್ಟಿಯಿಂದ ಎಣಿಸುವ ಯಹೂದಿಗಳ ಮಾಮೂಲಿ ಲೆಕ್ಕದಲ್ಲಾದರೆ ಐದು ಸಾವಿರದ ಮೇಲಿರಬೇಕಿತ್ತು, ಅಲ್ವಾ? ಇದು ಸೆಲ್ಯೂಸಿಡ್ ಶಕ, ಕ್ರಿ.ಪೂ. 312ರಿಂದ ವರ್ಷ ಎಣಿಸುವ ಹಳೆಯ ಪದ್ಧತಿ. ದಸ್ತಾವೇಜುಗಳಿಗೆ ಬಳಸುತ್ತಿದ್ದರಿಂದ ಅದಕ್ಕೆ 'ದಸ್ತಾವೇಜುಗಳ ಲೆಕ್ಕ' ಅಂತಲೇ ಹೆಸರು. ಯೆಮನ್ ಮತ್ತು ಕೇರಳದ ಯಹೂದಿಗಳು ಬಹಳ ಕಾಲ ಇದನ್ನು ಬಿಡಲಿಲ್ಲ. ಇಸವಿ ಬೇಕಾದರೆ ನಮ್ಮ ಶಾಸನದ ಶಕವರ್ಷಕ್ಕೆ 78 ಕೂಡಿಸುತ್ತೇವಲ್ಲ, ಇಲ್ಲಿ ಕಳೆಯಬೇಕು. ಈ ಶಕದ ವರ್ಷ ಶುರುವಾಗೋದು ಮಳೆಗಾಲ ಮುಗಿದ ಮೇಲೆ. ಹಾಗಾಗಿ ಡಿಸೆಂಬರ್ ಒಳಗಿನ ತಿಂಗಳಿಗೆ 312, ಅದರ ನಂತರದ್ದಕ್ಕೆ 311. 1581ರಲ್ಲಿ 312 ಹೋದರೆ 1269. ನಮ್ಮ ಕಡೆ ಹೊಯ್ಸಳ ಮೂರನೇ ನರಸಿಂಹ ಆಳುತ್ತಿದ್ದ ಕಾಲ! ಪುಸ್ತಕದಲ್ಲಿ ಓದಿ ತಿಳಿದಿದ್ದ ಇಸವಿಯೇ, ಆದರೂ ಲೆಕ್ಕ ಕೈಯಲ್ಲಿ ಕೂಡಿಬಂದಾಗ ಮೈ ಜುಂ ಅಂದಿತು.

ಈ ಕಲ್ಲು ಕೊಡುಂಗಲ್ಲೂರಿನಿಂದ ಬಂದದ್ದು ಎಂಬ ಮಾತಿದೆ. ಚೇಂದಮಂಗಲಂನವರ ಸ್ಮಶಾನ ಬೇರೆಯೇ ಇದೆ, ಕೋಟ್ಟಯಿಲ್ ಕೋವಿಲಗಂ ಗುಡ್ಡದ ಕಡೆ. ನೋಡಿಕೊಳ್ಳಬೇಕಾದ ಮನೆಯವರು 1950ರ ದಶಕದಲ್ಲಿ ಇಸ್ರೇಲಿಗೆ ಹೊರಟುಹೋದರು. ಹತ್ತಿರದ ಮಾಳ ಎಂಬ ಊರಿನ ಯಹೂದಿಗಳು 1955ರಲ್ಲಿ ಊರು ಬಿಡುವಾಗ ಸ್ಮಶಾನವನ್ನು ಪಂಚಾಯಿತಿ ಕೈಗೆ ಒಪ್ಪಿಸಿದರು. ಈಗ ಅಲ್ಲಿ ಉಳಿದಿರೋದು ಮೂರೇ ಗೋರಿ. ಅಲ್ಲಿಗೂ ಕನ್ನಡಿ ತೆಗೆದುಕೊಂಡು ಹೋಗುತ್ತೇನೆ, ಈ ಸಲ ಸಂಜೆಯೇ.