ಇನ್ಸುಲಿನ್ ಶುರುವಾದ ಮೇಲೆ ಹನ್ನೊಂದು ಗಂಟೆಯ ಹಸಿವು: ಏನು ತಿನ್ನಬೇಕು, ಯಾವಾಗ ತಿನ್ನಬೇಕು?

ಇನ್ಸುಲಿನ್ ಶುರು ಮಾಡಿದ ಹೊಸತರಲ್ಲಿ ಬಹಳ ಜನ ಒಂದೇ ದೂರು ಹೇಳುತ್ತಾರೆ: 'ಚುಚ್ಚಿಕೊಳ್ಳೋಕೆ ಶುರು ಮಾಡಿದಾಗಿಂದ ಹೊಟ್ಟೆ ಸುಮ್ನಿರಲ್ಲ.' ಬೆಳಿಗ್ಗೆ ಎಂಟಕ್ಕೆ ತಿಂಡಿ ಆಗಿರುತ್ತದೆ, ಹನ್ನೊಂದಕ್ಕೆ ಮತ್ತೆ ಹಸಿವು. ಸಂಜೆ ಐದಾದರಂತೂ ದಾವಣಗೆರೆಯ ಬೀದಿಗಳಲ್ಲಿ ಮಿರ್ಚಿ ಕರಿಯುವ ವಾಸನೆ. ಅಷ್ಟರಲ್ಲಿ ಪಕ್ಕದ ಮನೆಯವರ ಸಲಹೆಯೂ ಬಂದಿರುತ್ತದೆ: 'ಇನ್ಸುಲಿನ್ ತಗೊಂಡ್ರೆ ಜಾಸ್ತಿ ತಿನ್ಬೇಕಪ್ಪಾ, ಇಲ್ಲಾಂದ್ರೆ ಶುಗರ್ ಇಳಿದುಬಿಡುತ್ತೆ.'

ಇದನ್ನು ನಂಬಿ ಗಂಟೆಗೊಮ್ಮೆ ತಿಂದವರ ತೂಕ ಏರುತ್ತದೆ. ತೂಕ ಏರಿದರೆ ಇನ್ಸುಲಿನ್ನೂ ಜಾಸ್ತಿ ಬೇಕಾಗುತ್ತದೆ.

ಹಸಿವಿಗೆ ಕಾರಣ ಏನು? ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರದಲ್ಲಿ ಹೊರಗೆ ಹೋಗಲು ಶುರುವಾಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಜಾಸ್ತಿ ತಿನ್ನುವುದು ರೂಢಿಯಾಗಿರುತ್ತದೆ. ಇನ್ಸುಲಿನ್ ಬಂದ ಮೇಲೆ ಆ ಸೋರಿಕೆ ನಿಲ್ಲುತ್ತದೆ, ತಟ್ಟೆಯ ಅಳತೆ ಮಾತ್ರ ಹಳೆಯದೇ ಇರುತ್ತದೆ. ಇದು ರೂಢಿಯ ಹಸಿವು. ಶುಗರ್ ನಿಜವಾಗಿ ಇಳಿದಾಗ ಬರುವ ಹಸಿವು ಬೇರೆ. ಶುಗರ್ ವಿಪರೀತ ಏರಿದಾಗಲೂ ಹಸಿವಾಗುತ್ತದೆ. ಹೊಟ್ಟೆಗೆ ಮೂರೂ ಒಂದೇ ಥರ ಅನಿಸುತ್ತವೆ. ಹಾಗಾಗಿ ಮೊದಲ ಕೆಲಸ ತಿನ್ನುವುದಲ್ಲ, ನೋಡುವುದು.

ಮೊದಲು ಬೆರಳು, ಆಮೇಲೆ ಬಾಯಿ

ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾದರೆ ಕೈ ತೊಳೆದು, ಒರೆಸಿಕೊಂಡು ಗ್ಲುಕೋಮೀಟರಿನಲ್ಲಿ ಶುಗರ್ ನೋಡಿಕೊಳ್ಳಿ.

70ಕ್ಕಿಂತ ಕಡಿಮೆ ಇದ್ದರೆ ತಡ ಮಾಡಬೇಡಿ. ಟೀ ಚಮಚದಲ್ಲಿ ಮೂರರಿಂದ ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಅದು ಸುಮಾರು 15 ಗ್ರಾಂ ಆಗುತ್ತದೆ. ಗ್ಲುಕೋಸ್ ಪುಡಿಯೂ ಆದೀತು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಊಟಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತಿದ್ದರೆ ಆಮೇಲೆ ಒಂದಿಷ್ಟು ತಿನ್ನಿ. ಚಾಕೊಲೇಟ್, ಪೇಡ ಈ ಹೊತ್ತಿಗೆ ಬೇಡ. ಅದರಲ್ಲಿರುವ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಕೈ ನಡುಗುತ್ತಾ ಬೆವರುತ್ತಿದ್ದು, ಮೀಟರ್ ಹತ್ತಿರ ಇಲ್ಲದಿದ್ದರೆ ಅದನ್ನು ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ ನೀರು ಕುಡಿಯಿರಿ. 'ಶುಗರ್ ಇದ್ದೋರಿಗೆ ಸಕ್ಕರೆ ಕೊಡೋದಾ?' ಎಂದು ಮನೆಯವರು ಹಿಂಜರಿಯುವುದುಂಟು. ಇದನ್ನು ಅವರಿಗೆ ಮೊದಲೇ ಹೇಳಿಟ್ಟಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಮೀಟರ್ 110, 120 ತೋರಿಸುತ್ತಿದೆ, ಆದರೂ ನಡುಕ, ಹಸಿವು ಅಂತೀರಾ? ಬಹಳ ಕಾಲ 300ರ ಆಸುಪಾಸಿನಲ್ಲಿದ್ದ ಮೈಗೆ 120 ಕೂಡ ತೀರಾ ಕಮ್ಮಿ ಅನಿಸಬಹುದು. ಇದಕ್ಕೆ ಸಕ್ಕರೆ ಬೇಡ. ನೀರು ಕುಡಿದು ಕೂತುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಇಳಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮೈ ಹೊಸ ಮಟ್ಟಕ್ಕೆ ಹೊಂದಿಕೊಂಡಂತೆ ಇದು ತಾನಾಗಿ ಕಡಿಮೆಯಾಗುತ್ತದೆ.

250 ದಾಟಿದ್ದರೆ ತಿಂದು ಪ್ರಯೋಜನವಿಲ್ಲ. ಡೋಸ್ ತಪ್ಪಿತಾ, ಇನ್ಸುಲಿನ್ ಬಿಸಿಲಿಗೆ ಸಿಕ್ಕಿತಾ ನೋಡಿ. ನೀರು ಕುಡಿಯಿರಿ. ಅಂಕಿ ಇಳಿಯದೇ ಹೋದರೆ ಡಾಕ್ಟರಿಗೆ ಹೇಳಿ. ವಾಂತಿ, ಹೊಟ್ಟೆನೋವು ಇದ್ದರೆ ನೇರ ಆಸ್ಪತ್ರೆಗೆ.

ನಿಮ್ಮದು ಯಾವ ಇನ್ಸುಲಿನ್?

ಬೆಳಿಗ್ಗೆ, ರಾತ್ರಿ ಎರಡು ಹೊತ್ತು ತಗೊಳ್ಳುವ ಮಿಶ್ರ ಇನ್ಸುಲಿನ್ ಆಗಿದ್ದರೆ, ಬೆಳಗಿನ ಡೋಸಿನ ಜೋರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕಾಣಬಹುದು. ಇಂಥವರಿಗೆ ಹನ್ನೊಂದರ ಹೊತ್ತಿಗೆ ಸಣ್ಣ ತಿಂಡಿ ಬೇಕಾಗಬಹುದು, ಮಧ್ಯಾಹ್ನದ ಊಟವನ್ನಂತೂ ಮುಂದೂಡುವಂತಿಲ್ಲ. ದಿನಕ್ಕೊಮ್ಮೆ ತಗೊಳ್ಳುವ ಗ್ಲಾರ್ಜಿನ್ ಥರದ್ದು ಸುಮಾರು 24 ಗಂಟೆ ಒಂದೇ ಹದದಲ್ಲಿ ಕೆಲಸ ಮಾಡುತ್ತದೆ. ಅದಕ್ಕಾಗಿ ನಡುವೆ ತಿನ್ನಲೇಬೇಕು ಅಂತೇನಿಲ್ಲ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: 'ನನ್ನ ಇನ್ಸುಲಿನ್‌ಗೆ ನಡುವೆ ತಿಂಡಿ ಬೇಕಾ?'

ತಟ್ಟೆಗೆ ಏನು?

ಮಂಡಕ್ಕಿಯಿಂದಲೇ ಶುರು ಮಾಡೋಣ, ನಮ್ಮೂರಲ್ಲಿ ಅದನ್ನು ಬಿಡಿ ಅಂದರೆ ಯಾರು ಕೇಳುತ್ತಾರೆ? ಹಗುರ ಇದೆ ಅಂತ ಶುಗರ್ ಇದ್ದವರು ಧೈರ್ಯವಾಗಿ ತಿನ್ನುತ್ತಾರೆ. ಆದರೆ ಅದು ಅಕ್ಕಿಯೇ ಅಲ್ವಾ? ಬೇಗ ಜೀರ್ಣವಾಗಿ ಶುಗರ್ ಏರಿಸುತ್ತದೆ, ಅಷ್ಟೇ ಬೇಗ ಮತ್ತೆ ಹಸಿವೆಬ್ಬಿಸುತ್ತದೆ. ಹಾಗಾಗಿ ಲೆಕ್ಕ ತಿರುಗಿಸಿ. ಒಂದು ಹಿಡಿ ಮಂಡಕ್ಕಿ, ಅದಕ್ಕಿಂತ ಜಾಸ್ತಿ ಸೌತೆಕಾಯಿ, ಈರುಳ್ಳಿ, ಟೊಮೆಟೊ, ಮೇಲೆ ಎರಡು ಚಮಚ ಹುರಿಗಡಲೆ ಪುಡಿ, ನಿಂಬೆಹುಳಿ. ಮಿರ್ಚಿ ಬೇಕೇ ಬೇಕು ಅಂದರೆ ಒಂದು, ಅದೂ ಅಪರೂಪಕ್ಕೆ.

ಶೇಂಗಾ ಒಳ್ಳೆಯದು, ಅದೂ ಬೇಯಿಸಿದ್ದು. ಚಳ್ಳಕೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಒಣ ಬೀಜ ಒಂದು ಹಿಡಿ, ಅಂದರೆ 30 ಗ್ರಾಂ, ಸುಮಾರು 170 ಕ್ಯಾಲೊರಿ. ಟಿವಿ ಮುಂದೆ ಕೂತರೆ ಒಂದು ಹಿಡಿ ಮೂರಾಗುತ್ತದೆ. ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ. ಹೆಸರುಕಾಳಿನ ಉಸಲಿ, ಒಂದು ಬೇಯಿಸಿದ ಮೊಟ್ಟೆ, ಮಜ್ಜಿಗೆ, ಅರ್ಧ ಪೇರಲೆ ಹಣ್ಣು, ಇವು ಯಾವುದಾದರೂ ಸರಿ. ಕಿಡ್ನಿ ತೊಂದರೆ ಇರುವವರು ಕಾಳು, ಮೊಟ್ಟೆ ಎಷ್ಟೆಂದು ಕೇಳಿಕೊಂಡೇ ತಿನ್ನಬೇಕು. 'ಶುಗರ್ ಫ್ರೀ' ಬಿಸ್ಕತ್ತಿಗೆ ದುಡ್ಡು ಸುರಿಯುವುದು ನನಗಂತೂ ದಂಡ ಅನಿಸುತ್ತದೆ. ಸಕ್ಕರೆ ಇಲ್ಲದಿದ್ದರೂ ಒಳಗಿರುವುದು ಹಿಟ್ಟೇ.

ಎಷ್ಟೋ ಸಲ ಹನ್ನೊಂದರ ಹಸಿವಿನ ಬೇರು ಎಂಟರ ತಿಂಡಿಯಲ್ಲಿರುತ್ತದೆ. ಬರೀ ಅವಲಕ್ಕಿ, ಬರೀ ಚಿತ್ರಾನ್ನ ತಿಂದರೆ ಹೊಟ್ಟೆ ತಡೆಯುವುದಿಲ್ಲ. ಅರ್ಧ ಅಳತೆ ಮಾಡಿ ಜೊತೆಗೆ ಕಾಳು ಪಲ್ಯ ಇಟ್ಟುಕೊಳ್ಳಿ. ಮುದ್ದೆಗೂ ಇದೇ ಮಾತು. ರಾಗಿಯಿಂದಲೂ ಶುಗರ್ ಏರುತ್ತದೆ, ಮುದ್ದೆ ಸಣ್ಣದಿರಲಿ, ಸೊಪ್ಪಿನ ಸಾರು ಧಾರಾಳ ಇರಲಿ. ಬೆಣ್ಣೆ ದೋಸೆಯನ್ನು ನಡುವಿನ ತಿಂಡಿ ಅನ್ನಬೇಡಿ, ಅದು ಒಂದು ಹೊತ್ತಿನ ಊಟದ ಲೆಕ್ಕ.

ದಿನಚರಿ ಬದಲಾದ ದಿನ

ಹೊಲದ ಕೆಲಸ ಜಾಸ್ತಿಯಾದ ದಿನ, ಚಿತ್ರದುರ್ಗದ ಕೋಟೆ ಹತ್ತಿದ ದಿನ ಶುಗರ್ ಬೇಗ ಇಳಿಯುತ್ತದೆ, ಕೆಲವೊಮ್ಮೆ ಅದೇ ರಾತ್ರಿ ಮಲಗಿದಾಗಲೂ. ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣ ಇರಲಿ. ಸೋಮವಾರದ ಒಪ್ಪತ್ತು ಮಾಡುವವರು ಡೋಸ್ ಹೇಗೆಂದು ಮೊದಲೇ ಕೇಳಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಡುವುದು ಅಪಾಯ.

ಬೆಳಿಗ್ಗೆ ಎದ್ದಾಗ ದಿಂಬು ಬೆವರಿನಿಂದ ಒದ್ದೆ, ತಲೆನೋವು, ಕೆಟ್ಟ ಕನಸು ಬಿದ್ದ ನೆನಪು ಇದ್ದರೆ ನಿದ್ದೆಯಲ್ಲಿ ಶುಗರ್ ಇಳಿದಿರಬಹುದು. ಒಂದು ದಿನ ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಶುಗರ್ ನೋಡಿ.

ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹೊತ್ತು, ಅಂಕಿ, ತಿಂದದ್ದು. ಅಂಕಿ 70ಕ್ಕಿಂತ ಇಳಿದಿದ್ದರೆ, ಅದರಲ್ಲೂ ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಇಳಿಯುತ್ತಿದ್ದರೆ, ಸರಿಮಾಡಬೇಕಾದದ್ದು ಡೋಸ್ ಇರಬಹುದು, ತಿಂಡಿಯಲ್ಲ. ಗ್ಲಿಮೆಪಿರೈಡ್ ಥರದ ಮಾತ್ರೆ ಜೊತೆಗಿದ್ದರೆ ಶುಗರ್ ಇಳಿಯುವ ಸಾಧ್ಯತೆ ಇನ್ನೂ ಜಾಸ್ತಿ, ಆ ಚೀಟಿಯನ್ನೂ ತೋರಿಸಿ. ನೀವಾಗಿಯೇ ಯೂನಿಟ್ ಕಮ್ಮಿ ಮಾಡಿಕೊಳ್ಳಬೇಡಿ. ಹಾಗಂತ ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯಲೂಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.