ಕಂದು ಬಿದ್ದರೆ ಮೊದಲು ನಾಯಿ ಕಟ್ಟುತ್ತೇನೆ

ನಮ್ಮದು ಚಳ್ಳಕೆರೆ ತಾಲ್ಲೂಕು. ನೂರಿಪ್ಪತ್ತು ಕುರಿ, ಐದು ಟಗರು. ಸುಗ್ಗಿ ಮುಗಿದ ಮೇಲೆ ದಾವಣಗೆರೆ ಕಡೆ ಭದ್ರಾ ನಾಲೆ ಬಯಲಿಗೆ ಹೊಡೆದುಕೊಂಡು ಹೋಗಿ, ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತೇವೆ. ವರ್ಷಕ್ಕೆ ಎರಡು ಮೂರು ಕುರಿ ಕಂದು ಹಾಕುವುದು, ಅಂದರೆ ದಿನ ತುಂಬುವ ಮೊದಲೇ ಗಬ್ಬ ಬೀಳುವುದು, ನಮಗೆ ಲೆಕ್ಕಕ್ಕೇ ಇರಲಿಲ್ಲ. ಬದು ಜಿಗಿದಿರಬೇಕು, ಟಗರು ಗುದ್ದಿರಬೇಕು, ಇಲ್ಲಾಂದ್ರೆ ಯಾರದೋ ಕಣ್ಣು. ಬಿದ್ದದ್ದನ್ನು ಕಾಲು ಹಿಡಿದು ನಾಯಿ ಕಡೆ ಎಸೆದು ಮುಂದೆ ನಡೆಯುತ್ತಿದ್ದೆವು.

ಮೂರು ವರ್ಷದ ಹಿಂದೆ ಹನ್ನೆರಡೇ ದಿನದಲ್ಲಿ ಒಂಬತ್ತು ಕುರಿ ಕಂದು ಹಾಕಿದವು. ಕುರಿಗೆ ಐದು ತಿಂಗಳ ಗಬ್ಬ. ಇವೆಲ್ಲ ನಾಲ್ಕು ತಿಂಗಳ ಹತ್ತಿರದವು. ಒಂದರ ಮಾಸು ಎತ್ತಿ ನೋಡಿದೆ, ತೊಗಲಿನ ಹಾಗೆ ದಪ್ಪಗಿತ್ತು. ಬರಿಗೈಲೇ ಎತ್ತಿದ್ದೆ. ಬದುಕಿ ಹುಟ್ಟಿದ ಮರಿ ಉಸಿರಾಡದಿದ್ದರೆ ಮೂಗಿಗೆ ಬಾಯಿಟ್ಟು ಊದುವವರು ನಾವು, ಕೈಗವಸಿನ ಮಾತೆಲ್ಲಿ ಬಂತು?

ಪಶು ಡಾಕ್ಟರು ಬಂದು ಹೇಳಿದ್ದು ಒಂದೇ. ಇನ್ನೊಂದು ಬಿದ್ದರೆ ಎಸೀಬೇಡ, ಮಾಸಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸ್ ಇಟ್ಟು ತಾ. ಮಾರನೇ ದಿನವೇ ಬಿತ್ತು. ಮೀನಿನವನ ಹತ್ತಿರ ಐಸ್ ಕೇಳಿ ಥರ್ಮಾಕೋಲ್ ಡಬ್ಬಿಯಲ್ಲಿ ಒಯ್ದೆ. ಕುರಿಗಳ ರಕ್ತವನ್ನೂ ತೆಗೆದರು. ಬಿಳಿ ತಟ್ಟೆ ಮೇಲೆ ಗುಲಾಬಿ ಬಣ್ಣದ ಔಷಧಿಗೆ ರಕ್ತದ ತಿಳಿ ಬೆರೆಸಿ ಅಲ್ಲಾಡಿಸಿದರು. ಕೆಲವು ಹನಿ ಹಾಗೇ ನಯವಾಗಿದ್ದವು, ಕೆಲವು ಒಡೆದ ಹಾಲಿನ ಹಾಗೆ ಗಂಟು ಗಂಟಾದವು. ಗಂಟಾದದ್ದು ಬ್ರುಸೆಲ್ಲಾ, ಕಂದು ಬೀಳಿಸುವ, ಮನುಷ್ಯರಿಗೂ ಹತ್ತುವ ರೋಗ. ಸಂತೆಯಿಂದ ತಂದ ಹೊಸ ಟಗರಿನದ್ದೂ ಗಂಟಾಯಿತು.

ಇದೇ ಹೊತ್ತಿಗೆ ತಮ್ಮನಿಗೆ ಎರಡು ತಿಂಗಳಿಂದ ಜ್ವರ. ಸಂಜೆಯಾದರೆ ಬರುತ್ತಿತ್ತು, ರಾತ್ರಿ ಅಂಗಿ ನೆನೆಯುವಷ್ಟು ಬೆವರು, ಸೊಂಟ ಹಿಡಿದುಕೊಂಡೇ ಏಳುತ್ತಿದ್ದ. ಟೈಫಾಯಿಡ್ ಅಂತ ಎರಡು ಕಡೆ ಔಷಧಿ ಕೊಟ್ಟಿದ್ದರು. ನಮ್ಮ ಕುರಿ ಕಂದು ಹಾಕ್ತಿವೆ ಅಂತ ನಾವೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹೇಳಿದ ಮೇಲೆ ಬೇರೆ ರಕ್ತ ಪರೀಕ್ಷೆ ಆಯಿತು, ಅದೇ ರೋಗ. ಎರಡು ಬಗೆ ಮಾತ್ರೆ, ಆರು ವಾರ. ಮೂರನೇ ವಾರಕ್ಕೇ ಹುಷಾರಾದೆ ಅಂತ ಬಿಡೋಕೆ ಹೊರಟಿದ್ದ, ಬೈದು ಪೂರ್ತಿ ನುಂಗಿಸಿದೆ.

ಸಿಕ್ಕಿಬಿದ್ದ ಕುರಿಗಳನ್ನು ಏನು ಮಾಡುವುದು? ಔಷಧಿ ಹಾಕಿ ಮಂದೆಯಲ್ಲೇ ಉಳಿಸಿಕೊಳ್ಳುವ ರೋಗ ಅಲ್ಲ ಇದು ಅಂದರು ಪಶು ಡಾಕ್ಟರು. ಸರ್ಕಾರದ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ನಮ್ಮ ಕುರಿಗಲ್ಲ. ಸಂತೆಗೆ ಹೊಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಟಗರು ನಮ್ಮ ಹಟ್ಟಿಗೆ ಬಂದದ್ದೂ ಹಾಗೇ ಅಲ್ವಾ? ಡಾಕ್ಟರನ್ನು ಕೇಳಿ, ರೋಗದ ವಿಷಯ ಬಾಯಿಬಿಟ್ಟು ಹೇಳಿ, ಕಟುಕರಿಗೇ ಕೊಟ್ಟೆ. ಕೈಗವಸು ಹಾಕಿಕೊಂಡು ಕೊಯ್ಯಿ ಅಂದೆ. ಅರ್ಧ ಬೆಲೆ. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಎಲ್ಲ ಕಂದೂ ಬ್ರುಸೆಲ್ಲಾ ಅಲ್ಲ, ಅದೂ ನಿಜ. ಬೇಸಿಗೆಯ ಹಸಿವಿಗೂ ಬೀಳುತ್ತದೆ, ಪಿಪಿಆರ್ ಅನ್ನೋ ಕುರಿ-ಮೇಕೆಗಳ ವೈರಸ್ ರೋಗ ಬಂದಾಗಲೂ ಬೀಳುತ್ತದೆ. ಟಗರು ಬಿಟ್ಟ ಹೊಸದರಲ್ಲಿ ಮಂದೆಗೆಲ್ಲ ಜಂತುಹುಳದ ಔಷಧಿ ಅಲ್ಬೆಂಡಜೋಲ್ ಕುಡಿಸುತ್ತಿದ್ದೆ ನಾನು. ಮೊದಲ ತಿಂಗಳ ಗಬ್ಬಕ್ಕೆ ಅದು ಆಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಈಗ ಕಂದು ಹಾಕಿದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿದು ಬೇರೆ ರೊಪ್ಪಕ್ಕೆ ಹಾಕುತ್ತೇನೆ. ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹೊಸ ಟಗರು ತಂದರೆ ರಕ್ತ ತೋರಿಸುವ ತನಕ ಮಂದೆಗೆ ಬಿಡುವುದಿಲ್ಲ. ಬಿದ್ದ ಕಂದನ್ನು ಹೂಳುವ ಗುಂಡಿಗೆ ಸೊಂಟದಷ್ಟು ಆಳ, ಮೇಲೆ ಸುಣ್ಣ, ಅದರ ಮೇಲೆ ಮುಳ್ಳು. ನಮ್ಮ ನಾಯಿಗೆ ಹಳೇ ರುಚಿ ಮರೆತಿಲ್ಲ, ಕಂದು ಬಿದ್ದ ವಾಸನೆಗೆ ಎಲ್ಲಿದ್ದರೂ ಓಡಿ ಬರುತ್ತದೆ. ಅದಕ್ಕೇ ಮೊದಲು ಅದನ್ನು ಕಟ್ಟುತ್ತೇನೆ, ಆಮೇಲೆ ಗುಂಡಿ ತೋಡುತ್ತೇನೆ.