ಬೀರುವಿನಲ್ಲಿರುವ ಎಫ್‌ಡಿ ಬಾಂಡ್ ತಾನಾಗಿಯೇ ನವೀಕರಣವಾಗಿದೆಯೇ? ನೋಡುವುದು ಹೀಗೆ

ಕಬ್ಬಿನ ಬಿಲ್ಲು ಕೈಸೇರಿದಾಗ, ನಿವೃತ್ತಿಯ ಗಂಟು ಬಂದಾಗ ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳವರು ಒಂದು ಭಾಗವನ್ನು ಎಫ್‌ಡಿ ಇಡುತ್ತಾರೆ. ಬಾಂಡ್ ಬೀರುವಿಗೆ ಸೇರುತ್ತದೆ. ಮದುವೆಗೋ ಬೋರ್‌ವೆಲ್ಲಿಗೋ ದುಡ್ಡು ಬೇಕಾದಾಗಲೇ ಅದು ಹೊರಬರುವುದು. ಅಷ್ಟರಲ್ಲಿ ಠೇವಣಿ ಒಂದೆರಡು ಸಲ ನವೀಕರಣಗೊಂಡು, ಬಾಂಡಿನ ಮೇಲೆ ಅಚ್ಚಾಗಿರುವ ಬಡ್ಡಿ ದರ ಹಳೆಯದಾಗಿರುತ್ತದೆ.

ಮೊದಲು ಬಾಂಡಿನಲ್ಲಿ ‘ಮೆಚ್ಯೂರಿಟಿ ಇನ್‌ಸ್ಟ್ರಕ್ಷನ್’, ಅಂದರೆ ಅವಧಿ ಮುಗಿದಾಗ ಹಣ ಏನು ಮಾಡಬೇಕೆಂಬ ಸೂಚನೆಯ ಸಾಲು ಹುಡುಕಿ. ಮೊಬೈಲ್ ಆ್ಯಪ್‌ನಲ್ಲಿ ಠೇವಣಿಯ ವಿವರ ತೆರೆದರೂ ಸಿಗುತ್ತದೆ. ಸಾಮಾನ್ಯವಾಗಿ ಮೂರರಲ್ಲಿ ಒಂದಿರುತ್ತದೆ: ಅಸಲು, ಬಡ್ಡಿ ಎರಡನ್ನೂ ಸೇರಿಸಿ ಮತ್ತೆ ಇಡುವುದು, ಅಸಲನ್ನಷ್ಟೇ ಮುಂದುವರಿಸಿ ಬಡ್ಡಿಯನ್ನು ಖಾತೆಗೆ ಹಾಕುವುದು, ಪೂರ್ತಿ ಹಣವನ್ನು ಉಳಿತಾಯ ಖಾತೆಗೆ ಜಮಾ ಮಾಡುವುದು. ಅರ್ಜಿ ತುಂಬುವಾಗ ಈ ಜಾಗ ಖಾಲಿ ಬಿಟ್ಟವರ ಠೇವಣಿಯನ್ನು ಅನೇಕ ಬ್ಯಾಂಕುಗಳು ತಾವೇ ನವೀಕರಿಸುತ್ತವೆ.

ನವೀಕರಣ ಸಾಮಾನ್ಯವಾಗಿ ಹಿಂದಿನಷ್ಟೇ ಅವಧಿಗೆ ಆಗುತ್ತದೆ, ಆದರೆ ದರ ಮಾತ್ರ ಅವಧಿ ಮುಗಿದ ದಿನದ್ದು. ₹2 ಲಕ್ಷವನ್ನು ಶೇ 7ರಂತೆ ಒಂದು ವರ್ಷ ಇಟ್ಟಿದ್ದರೆ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ ₹2,14,372 ಆಗುತ್ತದೆ. ಅಷ್ಟೂ ಹಣ ಶೇ 6.25ಕ್ಕೆ ನವೀಕರಣವಾದರೆ ಮುಂದಿನ ವರ್ಷದ ಬಡ್ಡಿಯಲ್ಲಿ ಸುಮಾರು ₹1,690 ಕಡಿಮೆ. ಹೆಚ್ಚಿನ ದರ ಕೊಡುವ 444 ದಿನದಂಥ ವಿಶೇಷ ಯೋಜನೆಗಳಲ್ಲಿ ಇನ್ನೂ ಹುಷಾರಾಗಿರಬೇಕು. ಯೋಜನೆಯೇ ನಿಂತುಹೋಗಿದ್ದರೆ ಅದೇ 444 ದಿನಕ್ಕೆ ಮಾಮೂಲಿ ದರ ಬೀಳುತ್ತದೆ.

ನಿಜವಾದ ಪೆಟ್ಟು ಬೀಳುವುದು ನವೀಕರಣವಾದ ಮೇಲೆ ಎಫ್‌ಡಿ ಮುರಿಸುವಾಗ. ಹೊಸ ಅವಧಿಯ 90ನೇ ದಿನ ಮುರಿಸಿದರೆ ಶೇ 6.25 ಸಿಗುವುದಿಲ್ಲ. 90 ದಿನದ ಠೇವಣಿಗೆ ಇದ್ದ ದರ ಹಿಡಿದು, ಅದರಲ್ಲಿ ದಂಡವಾಗಿ ಶೇ 0.5 ಅಥವಾ 1 ಕಳೆಯುತ್ತಾರೆ. ಆ ದರ ಶೇ 4.5 ಇದ್ದು ದಂಡ 0.5 ಆದರೆ, ಮೇಲಿನ ಮೊತ್ತಕ್ಕೆ ಬರುವುದು ಸುಮಾರು ₹2,114. ಏಳು ದಿನದೊಳಗೆ ಮುರಿಸಿದರೆ ಬಡ್ಡಿಯೇ ಇಲ್ಲ. ಕೆಲವು ಬ್ಯಾಂಕುಗಳು ನವೀಕರಣವಾದ ಕೆಲವೇ ದಿನಗಳಲ್ಲಿ ಬಂದು ಕೇಳಿದರೆ ದಂಡವಿಲ್ಲದೆ ರದ್ದು ಮಾಡುತ್ತವೆ; ಎಷ್ಟು ದಿನದ ಗಡುವು ಎಂದು ಶಾಖೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಹಾಗೆಂದು ನವೀಕರಣ ಬೇಡವೆಂದು ಬರೆಸಿ, ಹಣ ಎಲ್ಲಿಗೆ ಹೋಗಬೇಕೆಂದು ಹೇಳದೆ ಬಂದರೂ ನಷ್ಟವೇ. ರಿಸರ್ವ್ ಬ್ಯಾಂಕಿನ 2021ರ ಜುಲೈ ಆದೇಶದಂತೆ, ಅವಧಿ ಮುಗಿದೂ ಬ್ಯಾಂಕಿನಲ್ಲೇ ಉಳಿದ ಠೇವಣಿಗೆ ಉಳಿತಾಯ ಖಾತೆಯ ದರ, ಠೇವಣಿಯ ಹಳೆಯ ದರ ಇವೆರಡರಲ್ಲಿ ಕಡಿಮೆ ಇರುವುದನ್ನು ಕೊಡುತ್ತಾರೆ.

ಅವಧಿ ಮುಗಿಯುವ ಹತ್ತು ಹದಿನೈದು ದಿನ ಮೊದಲೇ ಶಾಖೆಗೆ ಹೋಗಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ: ‘ನನ್ನ ಎಫ್‌ಡಿ ಸಂಖ್ಯೆ ಇಂಥದ್ದು, ಇಂಥ ದಿನಾಂಕಕ್ಕೆ ಅವಧಿ ಮುಗಿಯುತ್ತದೆ. ನವೀಕರಿಸದೆ ಅಸಲು ಮತ್ತು ಬಡ್ಡಿಯನ್ನು ಇಂಥ ಉಳಿತಾಯ ಖಾತೆಗೆ ಜಮಾ ಮಾಡಿ.’ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಜಂಟಿ ಹೆಸರಿದ್ದರೆ ಇಬ್ಬರ ಸಹಿಯೂ ಬೇಕೇ ಎಂದು ವಿಚಾರಿಸಿ. ವಯಸ್ಸಾದ ಅಪ್ಪ ಅಮ್ಮನನ್ನು ಎರಡೆರಡು ಸಲ ಬ್ಯಾಂಕಿಗೆ ಅಲೆಸುವುದು ತಪ್ಪುತ್ತದೆ. ಆ್ಯಪ್‌ನಲ್ಲಿ ಬದಲಾಯಿಸಿದರೆ ಆ ಪರದೆಯ ಸ್ಕ್ರೀನ್‌ಶಾಟ್ ಇರಲಿ.

ಬಡ್ಡಿ ಸೇರಿಸುತ್ತಾ ಹೋಗುವವರು ₹5 ಲಕ್ಷದ ಗೆರೆಯನ್ನು ನೆನಪಿಡಬೇಕು. ಬ್ಯಾಂಕ್ ಮುಳುಗಿದರೆ ಹಣ ಕೊಡಿಸುವ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಅಷ್ಟಕ್ಕೇ. ಊರಿನ ಪ್ರಾಥಮಿಕ ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲವೇ ಇಲ್ಲ.

ಎಫ್‌ಡಿ ಮುಂದುವರಿಸುವುದೇ ಸರಿ ಎನಿಸಿದರೆ ಹೊಸ ಬಾಂಡ್ ಕೇಳಿ ಪಡೆದು, ದರ, ಅವಧಿ, ನಾಮಿನಿಯ ಹೆಸರು ಮೂರನ್ನೂ ಕೌಂಟರಿನ ಮುಂದೆಯೇ ಓದಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.